ಆ ಸಹಿಗೆ ಕತ್ತರಿ ಹಾಕಬೇಡಿ

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಐನ್‌ಮನೆಯ (ನಮ್ಮ ಕುಟುಂಬದ ಮೂಲಮನೆ) ಅಟ್ಟದಲ್ಲಿ ಒಂದು ಕಟ್ಟು ಹಳೇ ಕಾಗದ ಸಿಕ್ಕಿತು. ಒಂದು ಕಾರ್ಡಿನಲ್ಲಿ ನಾಟಕ ಕಂಪನಿಯವರು ಮೈಸೂರಿನಿಂದ ಸಾಮಾನು ತರಲು ಆರು ಎತ್ತಿನ ಗಾಡಿ ಕೇಳಿದ್ದಾರೆ. ಇನ್ನೊಂದು ಪತ್ರಿಕೆಯ ಚಂದಾ ಬಾಕಿಯದು. ತಾರೀಖು 'ಪಾರ್ಥಿವ ಸಂವತ್ಸರ' ಎಂದಷ್ಟೇ ಇದೆ. ಹಳೇ ಸಾಮಾನು ಕೊಳ್ಳುವವರೊಬ್ಬರು ಸಹಿ ಮಾತ್ರ ಕತ್ತರಿಸಿ ಕೊಡಿ ಅನ್ನುತ್ತಿದ್ದಾರೆ. ಉಳಿದದ್ದನ್ನು ಲ್ಯಾಮಿನೇಟ್ ಮಾಡಿಸಲೇ? ಇಂಗ್ಲೆಂಡಿನ ನಟ ಹೆನ್ರಿ ಇರ್ವಿಂಗ್ ಬರೆದ ಕಾಗದವೂ ಒಂದು ಮಾರಾಟಕ್ಕಿದೆ, ಕೊಳ್ಳಲೇ?"

ಮೊದಲು ಕತ್ತರಿ ಕೆಳಗಿಡಿ. ಆಮೇಲೆ ಮಾತಾಡೋಣ.

ಪಾರ್ಥಿವ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ನಿಮ್ಮ ಕಾರ್ಡು 1885–86ರದ್ದಿರಬಹುದು, 1945–46ರದ್ದೂ ಇರಬಹುದು. ತೀರ್ಮಾನ ಮಾಡುವುದು ಸುಲಭ. ಕಾರ್ಡಿನ ಮೇಲೆ ಅಚ್ಚಾದ ತಲೆ ಯಾರದು ನೋಡಿ. ವಿಕ್ಟೋರಿಯಾ ರಾಣಿಯದಾದರೆ, ಬೆಲೆ ಕಾಲಾಣೆ ಇದ್ದರೆ, ಹಳೇ ಪಾರ್ಥಿವವೇ. ನಮ್ಮಲ್ಲಿ ಪೋಸ್ಟ್ ಕಾರ್ಡು ಶುರುವಾದದ್ದೇ 1879ರಲ್ಲಿ. ಜಾರ್ಜ್ ದೊರೆಯ ತಲೆ ಇದ್ದರೆ ಅದು ನಿಮ್ಮ ಅಜ್ಜನ ಕಾಲದ್ದು. ಅಂಚೆ ಮುದ್ರೆಯಲ್ಲಿ ಊರು, ತಾರೀಖು ಓದಲು ಬಂದರೆ ಇನ್ನೂ ಒಳ್ಳೆಯದು. ಅಂಚೆಚೀಟಿ, ಲಕೋಟೆ ಬೇರೆ ಮಾಡಿ ಮಾರಿದವರು ಕಳೆದುಕೊಳ್ಳುವುದು ಇದನ್ನೇ.

ಗಾಡಿ ಕೇಳಿದ ಆ ಕಾರ್ಡು ನನಗೆ ತುಂಬಾ ಹಿಡಿಸಿತು. ಕೊಡಗಿಗೆ ಆಗಲೂ ರೈಲಿಲ್ಲ, ಈಗಲೂ ಇಲ್ಲ. ಪರದೆ, ಪೆಟ್ಟಿಗೆ, ನಟರು ಎಲ್ಲ ಗಾಡಿಯಲ್ಲೇ ಘಟ್ಟದ ದಾರಿ ಹಿಡಿಯಬೇಕಿತ್ತು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅಪ್ಪಚ್ಚಕವಿ ಕೊಡವ ಭಾಷೆಯಲ್ಲಿ 'ಯಯಾತಿ ರಾಜಂಡ ನಾಟಕ' ಬರೆದದ್ದು 1906ರಲ್ಲಿ. ಅದಕ್ಕೂ ಮೊದಲು ಇಲ್ಲಿಗೆ ಯಾರು ಬಂದು ಮೊಕ್ಕಾಂ ಹೂಡಿದರು, ಜನ ಏನು ನೋಡಿದರು? ಗಾಡಿ ಬಾಡಿಗೆ, ಸೀಮೆಎಣ್ಣೆ, ಅಕ್ಕಿ ಲೆಕ್ಕದ ಕಾಗದ ಇದನ್ನು ಹೇಳುವಷ್ಟು ಸನ್ಮಾನ ಪತ್ರ ಹೇಳಲ್ಲ. ಚಂದಾ ಬಾಕಿಯ ಕಾಗದವೂ ಹಾಗೇ. ಪತ್ರಿಕೆ ಯಾವ ಊರಿಗೆ ಹೋಗುತ್ತಿತ್ತು, ಯಾರು ಓದುತ್ತಿದ್ದರು ಎಂಬುದು ಅದರಲ್ಲೇ ಗೊತ್ತಾಗುವುದು. (ಬಾಕಿ ಚಂದಾದ ವಿಚಾರದಲ್ಲಿ ಸಂಪಾದಕರ ಸಂಕಟ ಇಂದಿಗೂ ಬದಲಾಗಿಲ್ಲ ಬಿಡಿ.)

ಪತ್ರಿಕೆಯ ನಂಟು ಕೊಡಗಿಗೆ ಹೊಸದೇನಲ್ಲ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿದ್ದರು. ಇಲ್ಲಿನ ಹಳೇ ಪೆಟ್ಟಿಗೆಗಳಲ್ಲಿ ಮಿಶನ್ನಿನವರ ಕಾಗದ ಸಿಕ್ಕರೂ ಆಶ್ಚರ್ಯವಿಲ್ಲ. ಮೋಡಿ ಅಕ್ಷರ (ಕೂಡಿಸಿ ಬರೆಯುವ ಹಳೇ ಕೈಬರಹ) ಓದಲು ಬರಲ್ಲ ಅಂತ ಯಾವುದನ್ನೂ ಒಲೆಗೆ ಹಾಕಬೇಡಿ.

ಇರ್ವಿಂಗ್ ಕಾಗದಕ್ಕೆ ನನ್ನ ಸಲಹೆ: ಆತುರ ಬೇಡ. ಅವರ ಲೈಸಿಯಂ ಥಿಯೇಟರಿನ ವ್ಯವಹಾರ 1878ರಿಂದ ನೋಡಿಕೊಳ್ಳುತ್ತಿದ್ದವರು ಬ್ರಾಮ್ ಸ್ಟೋಕರ್, 'ಡ್ರಾಕುಲಾ' ಬರೆದವರು. ಇರ್ವಿಂಗ್ ಹೆಸರಲ್ಲಿ ಹೋದ ಎಷ್ಟೋ ಕಾಗದ ಸ್ಟೋಕರ್ ಕೈಬರಹದ್ದು. ಸಹಿ ಒಬ್ಬರದು, ಅಕ್ಷರ ಇನ್ನೊಬ್ಬರದು. ತಮಾಷೆ ಎಂದರೆ, ಈಗ ಸ್ಟೋಕರ್ ಅಕ್ಷರಕ್ಕೇ ಬೆಲೆ ಜಾಸ್ತಿ. ಸಹಿ, ಒಕ್ಕಣೆ ಎರಡರ ಶಾಯಿಯನ್ನೂ ಭೂತಗನ್ನಡಿಯಲ್ಲಿ ನೋಡದೆ ದುಡ್ಡು ಕೊಡಬೇಡಿ. ಎಲ್ಲ ಕಡೆ ಒಂದೇ ಸಮ ಕಪ್ಪಿದ್ದು, ನಿಬ್ಬಿನ ಗೀರು ಕಾಣದಿದ್ದರೆ ಅದು ಅಚ್ಚು ಹಾಕಿದ ನಕಲು ಇರಬಹುದು. ನನ್ನನ್ನು ಕೇಳಿದರೆ, ಆ ಹಣಕ್ಕೆ ಇಲ್ಲಿನ ಗುಜರಿ ಅಂಗಡಿಗಳ ಹಳೇ ಕಾಗದದ ಕಟ್ಟುಗಳನ್ನೇ ಕೊಳ್ಳಿ.

ಲ್ಯಾಮಿನೇಶನ್ ಖಂಡಿತ ಬೇಡ. ಬಿಸಿಗೆ ಶಾಯಿ ಕೆಡುತ್ತದೆ, ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರಲ್ಲ. ಸೆಲ್ಲೋಟೇಪ್ ಕೂಡ ಅಷ್ಟೇ. ಪತ್ರಿಕೆಯ ತುಣುಕುಗಳನ್ನು ಕಾಗದದ ಜೊತೆ ಮಡಚಿಡಬೇಡಿ, ಅದರ ಹುಳಿ (ಆಮ್ಲ) ಪಕ್ಕದ ಹಾಳೆಗೂ ಕಂದು ಬಣ್ಣ ಹತ್ತಿಸುತ್ತದೆ. ಗುರುತು ಹಾಕಬೇಕಾದರೆ ಮೆತ್ತನೆ ಪೆನ್ಸಿಲ್, ಅದೂ ಹಿಂಬದಿಯಲ್ಲಿ. ಮಳೆಗಾಲದಲ್ಲಿ ಟ್ರಂಕು ಒಳಗೇ ಬೆವರುತ್ತದೆ. ಅಟ್ಟದಿಂದ ಇಳಿಸಿ, ಗೋಡೆಗೆ ತಾಗದಂತೆ ಒಣ ಕೋಣೆಯ ಪೆಟ್ಟಿಗೆಯಲ್ಲಿಡಿ. ಬಿಸಿಲಿಗೆ ಹರಡುವ ಅಭ್ಯಾಸ ಒಳ್ಳೆಯದಲ್ಲ, ಶಾಯಿ ಮಾಸುತ್ತದೆ. ಮಳೆ ಬಿಟ್ಟ ಮೇಲೆ ನೆರಳಿನಲ್ಲಿ ಗಾಳಿಯಾಡಿಸಿ, ಸಿಕ್ಕಿದ ಕ್ರಮದಲ್ಲೇ ಮತ್ತೆ ಕಟ್ಟಿ.

ಕಾರ್ಡಿನ ಎರಡೂ ಬದಿ ಫೋಟೋ ತೆಗೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಕಂಪನಿ ಯಾವುದೆಂದು ಗುರುತಿಸುವ ಓದುಗರು ಸಿಕ್ಕರೂ ಸಿಗಬಹುದು. ಮೂಲ ಕಾರ್ಡು ಮಾತ್ರ ಅಂಚೆಗೆ ಹಾಕಬೇಡಿ.

— ಸಂ.