ಕೂಸು ಹುಟ್ಟುವ ಮುಂಚೆ ಕುಲಾವಿ: ಐರ್ಲೆಂಡ್ ಫುಟ್‌ಬಾಲ್ ಕ್ಲಬ್‌ಗಳ ಜಮಾ-ಖರ್ಚು

ಐರ್ಲೆಂಡ್‌ನ ಫುಟ್‌ಬಾಲ್ ಕ್ಲಬ್‌ಗಳ ಹಣಕಾಸಿನ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಒಂದು ವರ್ಷ ಲೀಗ್ ಗೆದ್ದ ತಂಡ ಮರುವರ್ಷವೇ ಸಂಬಳ ಕೊಡಲಾಗದೆ ಕೈಚೆಲ್ಲಿದ್ದನ್ನು ಓದಿದೆ. ಗೆದ್ದವರಿಗೆ ಹಣ ಬರಬೇಕಲ್ಲವೇ? (ಶಿವಮೊಗ್ಗ)

ಗೆಲ್ಲುವುದಕ್ಕೆ ಮಾಡಿದ ಖರ್ಚೇ ಗೆದ್ದ ಮೇಲೆ ಕುತ್ತಿಗೆಗೆ ಬಂದದ್ದು. ಡಬ್ಲಿನ್‌ನ ಶೆಲ್ಬರ್ನ್ 2006ರಲ್ಲಿ ಚಾಂಪಿಯನ್. 2007ರ ಸೀಸನ್ ಶುರುವಾಗುವಾಗ ಅದನ್ನು ಕೆಳಗಿನ ಡಿವಿಷನ್‌ಗೆ ದಬ್ಬಲಾಗಿತ್ತು. ಡ್ರಾಹೆಡಾ ಯುನೈಟೆಡ್ 2007ರಲ್ಲಿ ಮೊದಲ ಸಲ ಲೀಗ್ ಗೆದ್ದು 2008ರಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿನ ಮೆಟ್ಟಿಲು ಹತ್ತಿತು. 2005ರ ಚಾಂಪಿಯನ್ ಕಾರ್ಕ್ ಸಿಟಿಗೂ 2008ರಲ್ಲಿ ಅದೇ ಗತಿ. ಅಲ್ಲಿ ಬಂಡವಾಳ ಹಾಕಿದ್ದ ಅರ್ಕಾಗಾ ಎಂಬ ಹೂಡಿಕೆ ಸಂಸ್ಥೆ ಸೀಸನ್ ನಡುವೆಯೇ ಕೈ ಎತ್ತಿತ್ತು.

ಲೆಕ್ಕ ಹಾಕಿ ನೋಡಿದರೆ ಕಾಯಿಲೆ ಕಾಣುತ್ತದೆ. ಇದು ಉದಾಹರಣೆಗೆ ಕಟ್ಟಿದ ಲೆಕ್ಕ, ಯಾವ ಕ್ಲಬ್ಬಿನದೂ ಅಲ್ಲ. 22 ಆಟಗಾರರು, ತಲೆಗೆ ವಾರಕ್ಕೆ 1,000 ಯೂರೋ. 52 ವಾರಕ್ಕೆ 11.44 ಲಕ್ಷ. ಅದರ ಮೇಲೆ ಮಾಲೀಕರ ಪಾಲಿನ ಸಾಮಾಜಿಕ ವಿಮೆ ಸುಮಾರು ಶೇ. 11, ಒಟ್ಟು 12.7 ಲಕ್ಷ ಯೂರೋ. ಈಗ ಬರುವ ಹಣ. ಹತ್ತು ತಂಡಗಳ ಪ್ರೀಮಿಯರ್ ಡಿವಿಷನ್‌ನಲ್ಲಿ ಪ್ರತಿ ತಂಡಕ್ಕೆ 36 ಪಂದ್ಯ, ತವರಲ್ಲಿ 18. ಪ್ರತಿ ಪಂದ್ಯಕ್ಕೆ 2,500 ಜನ, ಮಕ್ಕಳ ಮತ್ತು ವಿದ್ಯಾರ್ಥಿಗಳ ರಿಯಾಯಿತಿ ಕಳೆದು ಸರಾಸರಿ 12 ಯೂರೋ ಟಿಕೆಟ್ ಅಂದುಕೊಂಡರೂ ಗೇಟ್ ವಸೂಲಿ 5.4 ಲಕ್ಷ. ಬಸ್ಸು, ಭದ್ರತೆ, ಫಿಸಿಯೋ, ಮೈದಾನದ ಬಾಡಿಗೆ, ಕಿರಿಯರ ತಂಡಗಳು ಇವುಗಳ ಮಾತು ಎತ್ತುವ ಮೊದಲೇ 7 ಲಕ್ಷ ಯೂರೋ ತೂತು. ಟಿವಿ ಹಣ ಇಂಗ್ಲೆಂಡ್‌ನವರ ಎದುರು ಲೆಕ್ಕಕ್ಕಿಲ್ಲ. ಲೀಗ್ ಗೆದ್ದವರ ಬಹುಮಾನದಲ್ಲಿ ಇಬ್ಬರು ಮೂವರು ಆಟಗಾರರ ವರ್ಷದ ಸಂಬಳ ಸಾಗಬಹುದು.

ಉಳಿದ ದಾರಿ ಎರಡು: ಕಿಸೆ ಬಿಚ್ಚುವ ಧಣಿ, ಇಲ್ಲವೇ ಯೂರೋಪ್, ಅಂದರೆ ಯೂರೋಪಿನ ಕ್ಲಬ್ ಟೂರ್ನಿಗಳ ಹಣ. ಒಪ್ಪಂದಗಳಿಗೆ ಸಹಿ ಬೀಳುವುದು ಡಿಸೆಂಬರ್-ಜನವರಿಯಲ್ಲಿ. ಯೂರೋಪಿನ ಅರ್ಹತಾ ಪಂದ್ಯಗಳು ಜುಲೈನಲ್ಲಿ. ಅಂದರೆ ಆರು ತಿಂಗಳು ಮುಂಚೆಯೇ, ಇನ್ನೂ ಆಡದ ಪಂದ್ಯದ ದುಡ್ಡಿನಲ್ಲಿ ಸಂಬಳ ನಿಗದಿಯಾಗುತ್ತದೆ. 2004ರಲ್ಲಿ ಶೆಲ್ಬರ್ನ್ ಹಾಯ್ದುಕ್ ಸ್ಪ್ಲಿಟ್ ತಂಡವನ್ನು ಹೊರಗಟ್ಟಿ, ಚಾಂಪಿಯನ್ಸ್ ಲೀಗ್ ಗುಂಪಿನ ಹೊಸ್ತಿಲಲ್ಲಿ ಡೆಪೋರ್ಟಿವೊ ಲಾ ಕೊರುನ್ಯಾ ವಿರುದ್ಧ ಡಬ್ಲಿನ್‌ನಲ್ಲಿ 0-0 ಮಾಡಿಕೊಂಡು, ಸ್ಪೇನ್‌ಗೆ ಹೋಗಿ 0-3 ಸೋತಿತು. 2008ರಲ್ಲಿ ಡ್ರಾಹೆಡಾ, ಡೈನಮೋ ಕೀವ್ ಎದುರು ಒಟ್ಟು 3-4ರಲ್ಲಿ ಹೊರಬಿತ್ತು. ಕೀವ್‌ನಲ್ಲಿ ನಡೆದ ಪಂದ್ಯದ ಕೊನೆಯ ಕ್ಷಣಗಳಲ್ಲಿ ಡ್ರಾಹೆಡಾದ ಒಂದು ಹೊಡೆತ ಗೋಲುಕಂಬಕ್ಕೆ ತಾಗಿ ಹೊರಬಂತು. ಇಷ್ಟು ಹತ್ತಿರ ಹೋಗಿ ಬಂದವರಿಗೆ ‘ಮುಂದಿನ ವರ್ಷ ಆಗಿಯೇ ಆಗುತ್ತದೆ’ ಎನ್ನುವ ಹುಚ್ಚು ಹಿಡಿಯುವುದು ಸಹಜವೇ. ಆದರೆ ಆ ನಂಬಿಕೆಯನ್ನು ಆದಾಯದ ಕಲಮಿನಲ್ಲಿ ಬರೆದದ್ದೇ ಎಡವಟ್ಟು.

ಆ ಹುಚ್ಚು ಬಿಡದಿರುವುದಕ್ಕೆ ಕಾರಣವೂ ಇದೆ, ಗೆದ್ದಾಗ ಬರುವ ಮೊತ್ತ ಅಂಥದ್ದು. ಯೂರೋಪಿನ ಮೂರನೇ ಸ್ತರದ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನ 2024-25ರ ಸೀಸನ್‌ನಲ್ಲಿ ಲೀಗ್ ಹಂತ ತಲುಪಿದ್ದಕ್ಕೇ 31.7 ಲಕ್ಷ ಯೂರೋ, ಪ್ರತಿ ಗೆಲುವಿಗೆ 4 ಲಕ್ಷ, ಡ್ರಾಗೆ 1.33 ಲಕ್ಷ. ಶಾಮ್‌ರಾಕ್ ರೋವರ್ಸ್ ಆರು ಪಂದ್ಯಗಳಲ್ಲಿ 3 ಗೆದ್ದು 2 ಡ್ರಾ ಮಾಡಿತು. ಇಷ್ಟನ್ನೇ ಕೂಡಿದರೂ 46 ಲಕ್ಷ ದಾಟುತ್ತದೆ. ಮೇಲಿನ ನಮ್ಮ ಕಾಲ್ಪನಿಕ ತಂಡದ ಮೂರೂವರೆ ವರ್ಷದ ಸಂಬಳ ಅದು. ಲೀಗ್‌ನಲ್ಲಿ ಒಂದೆರಡು ಸ್ಥಾನ ಕೆಳಗೆ ಮುಗಿಸಿ ಯೂರೋಪ್ ತಪ್ಪಿಸಿಕೊಂಡ ತಂಡಕ್ಕೆ ಇದರಲ್ಲಿ ಕಾಸೂ ಇಲ್ಲ.

ಸಂಬಳ ಆದಾಯದ ಶೇ. 65 ಮೀರಬಾರದೆಂಬ ನಿಯಮ ಅಲ್ಲಿತ್ತಂತೆ. ಹಾಗಿದ್ದೂ ಹೇಗೆ ಮುಳುಗಿದರು? (ಧಾರವಾಡ)

ನಿಯಮ ಇತ್ತು. ಆದರೆ ಶೇಕಡಾ ಲೆಕ್ಕದ ಗುಟ್ಟೆಲ್ಲ ಛೇದದಲ್ಲಿರುತ್ತದೆ. ಸೀಸನ್ ಆರಂಭದಲ್ಲಿ ಕ್ಲಬ್ ಸಲ್ಲಿಸುವುದು ಬಜೆಟ್, ಅಂದರೆ ಅಂದಾಜು. 10 ಲಕ್ಷ ಆದಾಯ ಬರುತ್ತದೆಂದು ಬರೆದು 6.5 ಲಕ್ಷ ಸಂಬಳ ಒಪ್ಪಿಕೊಂಡರೆ ನಿಯಮಕ್ಕೆ ಸರಿ. ಆಗಸ್ಟ್ ಹೊತ್ತಿಗೆ ಬಂದದ್ದು 7 ಲಕ್ಷದ ದಾರಿ ಹಿಡಿದಿದೆ ಎಂದು ಗೊತ್ತಾದಾಗ ಸಂಬಳ ಶೇ. 93 ಆಗಿರುತ್ತದೆ, ಒಪ್ಪಂದಗಳು ಮಾತ್ರ ಕಲ್ಲಿನ ಮೇಲಿನ ಬರಹ. ಧಣಿಯ ಕೊಡುಗೆಯನ್ನೂ ಆದಾಯವೆಂದು ಎಣಿಸಿದರೆ ಇನ್ನೂ ಅಪಾಯ: ಅವನು ಇರುವವರೆಗೆ ಕ್ಲಬ್ ಆರೋಗ್ಯವಾಗಿ ಕಾಣುತ್ತದೆ, ಎದ್ದುಹೋದ ದಿನ ಛೇದ ಅರ್ಧಕ್ಕಿಳಿಯುತ್ತದೆ. 2008ರಲ್ಲಿ ಐರ್ಲೆಂಡ್‌ನ ರಿಯಲ್ ಎಸ್ಟೇಟ್ ಗುಳ್ಳೆ ಒಡೆದಾಗ ಎಷ್ಟೋ ಕ್ಲಬ್‌ಗಳಿಗೆ ಆದದ್ದು ಇದೇ. ಸ್ಪೋರ್ಟಿಂಗ್ ಫಿಂಗಲ್ 2009ರಲ್ಲಿ ಐರ್ಲೆಂಡ್ ಫುಟ್‌ಬಾಲ್ ಸಂಘದ (ಎಫ್‌ಎಐ) ಕಪ್ ಗೆದ್ದಿತು, 2011ರ ಸೀಸನ್ ಶುರುವಾಗುವ ಮೊದಲೇ ಬಾಗಿಲು ಹಾಕಿತು.

ಇನ್ನೊಂದು ಕಳ್ಳದಾರಿ, ಎರಡು ಒಪ್ಪಂದ. ಒಂದು ಲೀಗ್ ಕಚೇರಿಗೆ ತೋರಿಸಲು, ಇನ್ನೊಂದು ಆಟಗಾರನ ಕೈಗೆ. 2009ರ ನವೆಂಬರ್‌ನಲ್ಲಿ ಡೆರಿ ಸಿಟಿಯನ್ನು ಲೀಗ್‌ನಿಂದ ಹೊರಹಾಕಿದ್ದು ಇದಕ್ಕೇ. ಹೊಸದಾಗಿ ಕಟ್ಟಿಕೊಂಡ ಕ್ಲಬ್ 2010ರಲ್ಲಿ ಕೆಳಗಿನ ಡಿವಿಷನ್‌ನಿಂದ ಆರಂಭಿಸಿ ಅದೇ ವರ್ಷ ಅದನ್ನು ಗೆದ್ದು ಮೇಲೆ ಬಂತು.

ಯೂರೋಪಿನ ಫುಟ್‌ಬಾಲ್ ಒಕ್ಕೂಟ ಯೂಎಫಾ 2022ರಲ್ಲಿ ತಂದ ಹೊಸ ನಿಯಮ (ತಂಡದ ವೆಚ್ಚದ ಮಿತಿ ಮೊದಲು ಆದಾಯದ ಶೇ. 90, ನಂತರ 80, 2025-26ರಿಂದ 70) ಐರಿಷ್ ಕ್ಲಬ್‌ಗಳನ್ನು ಕಾಪಾಡುತ್ತದೆ ಎಂದು ಕೆಲವರು ಬರೆಯುತ್ತಾರೆ. ಕಾಪಾಡುವುದಿಲ್ಲ. ಸಿಬ್ಬಂದಿ ವೆಚ್ಚ 3 ಕೋಟಿ ಯೂರೋಗಿಂತ ಕಡಿಮೆ ಇರುವ ಕ್ಲಬ್‌ಗಳಿಗೆ ಅದರಿಂದ ವಿನಾಯಿತಿ ಇದೆ, ಐರ್ಲೆಂಡ್‌ನಲ್ಲಿ ಅದರ ಹತ್ತಿರಕ್ಕೂ ಯಾರೂ ಬರುವುದಿಲ್ಲ. ಅವರಿಗೆ ನಿಜವಾಗಿ ತಟ್ಟುವುದು ಬಾಕಿ ತಪಾಸಣೆ: ಜುಲೈ 15, ಅಕ್ಟೋಬರ್ 15, ಜನವರಿ 15ರಂದು ಆಟಗಾರರಿಗೆ, ಬೇರೆ ಕ್ಲಬ್‌ಗಳಿಗೆ, ತೆರಿಗೆ ಇಲಾಖೆಗೆ ಗಡುವು ಮೀರಿದ ಬಾಕಿ ಇರಬಾರದು. ಸಣ್ಣ ಕ್ಲಬ್‌ಗೆ ಶೇಕಡಾವಾರು ಮಿತಿಗಿಂತ ಇದೇ ಒಳ್ಳೆಯ ಅಂಕುಶ.

ಎಗ್ಸಾಮಿನರ್‌ಶಿಪ್ ಅಂದರೆ ದಿವಾಳಿಯೇ? (ಬಳ್ಳಾರಿ)

ಅಲ್ಲ. ಐರಿಷ್ ಕಾನೂನಿನಲ್ಲಿ ಇದು ಸಾಲದಲ್ಲಿ ಸಿಲುಕಿದ ಕಂಪನಿಗೆ 1990ರಿಂದ ಇರುವ ಉಸಿರಾಟದ ಅವಕಾಶ. ಕೋರ್ಟ್ ಒಬ್ಬ ಪರೀಕ್ಷಕನನ್ನು ನೇಮಿಸುತ್ತದೆ. 70 ದಿನ, ಬೇಕಾದರೆ 100 ದಿನದವರೆಗೆ, ಸಾಲ ಕೊಟ್ಟವರು ಕ್ಲಬ್ಬಿನ ಆಸ್ತಿ ಮುಟ್ಟುವಂತಿಲ್ಲ. ಆ ಅವಧಿಯೊಳಗೆ ಹೊಸ ಹೂಡಿಕೆದಾರ ಸಿಗಬೇಕು. ಯಾರಿಗೆ ರೂಪಾಯಿಗೆ ಎಷ್ಟು ಪೈಸೆ ಎಂಬ ಇತ್ಯರ್ಥ ಯೋಜನೆಗೆ ಕೋರ್ಟ್ ಮುದ್ರೆ ಬೀಳಬೇಕು. ಆಗದಿದ್ದರೆ ಮುಚ್ಚುಗಡೆ. 2008ರಲ್ಲಿ ಕಾರ್ಕ್‌ಗೂ ಡ್ರಾಹೆಡಾಕ್ಕೂ ಇದಕ್ಕಾಗಿ ತಲಾ 10 ಅಂಕ ಕಡಿತವಾಯಿತು.

ಎಡವುವುದು ಎಲ್ಲಿ? ಮೊದಲನೆಯದು, ಪರೀಕ್ಷಕ ಮತ್ತು ವಕೀಲರ ಶುಲ್ಕ. ಉಳಿದವರಿಗಿಂತ ಮುಂಚೆ ಅವರಿಗೆ ಸಲ್ಲಬೇಕು, ಸಣ್ಣ ಕ್ಲಬ್‌ಗೆ ಅದೇ ಬೆನ್ನುಮೂಳೆ ಮುರಿಯುವ ಮೊತ್ತ. ಎರಡನೆಯದು, ಹಳೆಯ ಸಾಲ ಕತ್ತರಿಸಿದರೂ ಹಳೆಯ ಸಂಬಳಪಟ್ಟಿ ಹಾಗೇ ಉಳಿಯುವುದು. ಕಾರ್ಕ್ ಸಿಟಿ 2008ರಲ್ಲಿ ಈ ದಾರಿಯಿಂದ ಹೊರಬಂದೂ 2010ರ ಫೆಬ್ರವರಿಯಲ್ಲಿ ಮುಚ್ಚಿತು. ತೆರಿಗೆ ಬಾಕಿ ಮತ್ತೆ ಬೆಳೆದಿತ್ತು. ಬದುಕಿದ್ದು ಅಭಿಮಾನಿಗಳ ಟ್ರಸ್ಟ್ ಫೋರಸ್. ಅದು ಅದೇ ವರ್ಷ ಕೆಳಗಿನ ಡಿವಿಷನ್‌ನಲ್ಲಿ ತಂಡ ಇಳಿಸಿತು, 2011ರಲ್ಲಿ ಮೇಲೆ ಬಂತು, 2017ರಲ್ಲಿ ಪ್ರೀಮಿಯರ್ ಡಿವಿಷನ್ ಗೆದ್ದಿತು. 2019ರಲ್ಲಿ ಲಿಮೆರಿಕ್‌ಗೆ ಮಾತ್ರ ಹೂಡಿಕೆದಾರ ಸಿಗಲಿಲ್ಲ. ಕ್ಲಬ್ ಹೋಯಿತು. 2021ರಿಂದ ಸಣ್ಣ ಕಂಪನಿಗಳಿಗೆಂದೇ ಕೋರ್ಟಿನ ಓಡಾಟ ಕಡಿಮೆ ಇರುವ ಇನ್ನೊಂದು ದಾರಿ ಇದೆ. ಖರ್ಚು ಉಳಿಯುತ್ತದೆ, ಆದರೆ ಅದರಲ್ಲಿ ತೆರಿಗೆ ಇಲಾಖೆ ಕೆಲವು ಸಂದರ್ಭಗಳಲ್ಲಿ ‘ನಮ್ಮ ಬಾಕಿ ಇದರೊಳಗೆ ಸೇರಿಸಬೇಡಿ’ ಎನ್ನಬಹುದು.

ಆಟಗಾರರನ್ನು ಬೆಳೆಸಿ ಮಾರಿದರೆ ಸಾಲದೇ? (ಮಂಗಳೂರು)

ಬೆಳೆಸುವುದರಲ್ಲಿ ಅವರು ಹಿಂದೆ ಬಿದ್ದಿಲ್ಲ, ಮಾರುವುದರಲ್ಲಿ ಬಿದ್ದಿದ್ದರು. 2009ರಲ್ಲಿ ಸ್ಲೈಗೊ ರೋವರ್ಸ್ ಶೇಮಸ್ ಕೋಲ್ಮನ್‌ನನ್ನು ಎವರ್ಟನ್‌ಗೆ ಕೊಟ್ಟದ್ದು 60,000 ಪೌಂಡ್‌ಗೆ. ಮುಂದೆ ಆತ ಒಂದೂವರೆ ದಶಕ ಅಲ್ಲೇ ಆಡಿದ. ಸಂಬಳದ ಹೊರೆ ಕುತ್ತಿಗೆಗೆ ಬಂದ ಕ್ಲಬ್‌ಗೆ ಚೌಕಾಸಿ ಮಾಡಲು ಸಮಯವಿರುವುದಿಲ್ಲ ಎನ್ನುವುದು ಕೊಳ್ಳುವವನಿಗೆ ಚೆನ್ನಾಗಿ ಗೊತ್ತು.

ಬ್ರೆಕ್ಸಿಟ್ ಬಳಿಕ, 2021ರ ಜನವರಿಯಿಂದ, 18 ತುಂಬದ ಐರಿಷ್ ಹುಡುಗರು ಬ್ರಿಟನ್ ಕ್ಲಬ್ ಸೇರುವಂತಿಲ್ಲ. ಹುಡುಗ ಎರಡು ವರ್ಷ ಹೆಚ್ಚು ತವರಲ್ಲೇ ಆಡುತ್ತಾನೆ, ಬೆಲೆ ಏರುತ್ತದೆ. ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್‌ನ ಮೇಸನ್ ಮೆಲಿಯಾಗೆ ಟಾಟನ್‌ಹ್ಯಾಮ್ 2025ರಲ್ಲಿ ಒಪ್ಪಿದ ಮೊತ್ತ ಸುಮಾರು 20 ಲಕ್ಷ ಯೂರೋ ಎಂದು ವರದಿಯಾಯಿತು, ಲೀಗ್‌ಗೆ ಆಗ ಅದು ದಾಖಲೆ.

ಒಪ್ಪಂದದಲ್ಲಿ ಏನು ಬರೆಸಿಕೊಳ್ಳಬೇಕು ಎನ್ನುವುದೇ ಇಲ್ಲಿ ಮುಖ್ಯ. ಫೀಫಾ ನಿಯಮದ ಪ್ರಕಾರ ಮುಂದಿನ ಪ್ರತಿ ವರ್ಗಾವಣೆ ಹಣದ ಶೇ. 5 ಆಟಗಾರನನ್ನು 12ರಿಂದ 23 ವಯಸ್ಸಿನವರೆಗೆ ಪಳಗಿಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ: 12ರಿಂದ 15ರವರೆಗೆ ವರ್ಷಕ್ಕೆ ಶೇ. 0.25, 16ರಿಂದ 23ರವರೆಗೆ ವರ್ಷಕ್ಕೆ ಶೇ. 0.5. ಹುಡುಗ 12ರಿಂದ 17ರವರೆಗೆ ನಿಮ್ಮಲ್ಲಿದ್ದು, ಮುಂದೆ 1 ಕೋಟಿ ಯೂರೋಗೆ ಕೈ ಬದಲಾದರೆ ನಿಮ್ಮ ಪಾಲು ಶೇ. 2, ಅಂದರೆ 2 ಲಕ್ಷ. ಮೊದಲ ಮಾರಾಟದಲ್ಲೇ ಶೇ. 15 ಮರುಮಾರಾಟ ಪಾಲು ಬರೆಸಿಕೊಂಡಿದ್ದರೆ ಅದೇ ವ್ಯವಹಾರದಲ್ಲಿ 15 ಲಕ್ಷ. ಆದರೆ ‘ಪೂರ್ತಿ ಮೊತ್ತದ ಮೇಲೆ’ ಎಂದಿದೆಯೋ ‘ಲಾಭದ ಮೇಲೆ’ ಎಂದಿದೆಯೋ ನೋಡಬೇಕು. 60 ಲಕ್ಷಕ್ಕೆ ಕೊಂಡು 1 ಕೋಟಿಗೆ ಮಾರಿದರೆ ಎರಡನೆಯದರಲ್ಲಿ ಸಿಗುವುದು 6 ಲಕ್ಷವೇ. ತುರ್ತಿಗೆ ಒಂದಿಷ್ಟು ನಗದು ತೆಗೆದುಕೊಂಡು ಈ ಪಾಲನ್ನೇ ಬಿಟ್ಟುಕೊಡುವುದು ಬಿತ್ತನೆ ಕಾಳನ್ನು ಬೇಯಿಸಿದ ಹಾಗೆ.

ಮೈದಾನ ಮಾರಿ ಸಾಲ ತೀರಿಸಿದವರು ಯಾರಾದರೂ ಇದ್ದಾರೆಯೇ? (ತುಮಕೂರು)

ಮಾರಿ ಬಾಳಿದವರಿಗಿಂತ ಮಾರಿ ಅಲೆದವರ ಕತೆ ದೊಡ್ಡದು. ಶಾಮ್‌ರಾಕ್ ರೋವರ್ಸ್‌ನ ಗ್ಲೆನ್‌ಮಲೂರ್ ಪಾರ್ಕ್ 1987ರಲ್ಲಿ ಕೈತಪ್ಪಿತು. ಬೇರೆಯವರ ಮೈದಾನಗಳಲ್ಲಿ ಎರಡು ದಶಕ ಬಾಡಿಗೆದಾರರಾಗಿ ಅಲೆದು, ನಡುವೆ 2005ರಲ್ಲಿ ಎಗ್ಸಾಮಿನರ್‌ಶಿಪ್ ಕಂಡು, 2009ರಲ್ಲಿ ಸ್ಥಳೀಯ ಆಡಳಿತವಾದ ಕೌಂಟಿ ಕೌನ್ಸಿಲ್ ಕಟ್ಟಿ ಮುಗಿಸಿದ ಟ್ಯಾಲಾ ಸ್ಟೇಡಿಯಂ ಸೇರಿದರು. ಬೊಹೀಮಿಯನ್ಸ್‌ನವರು ಡೇಲಿಮೌಂಟ್ ಪಾರ್ಕನ್ನು 2006ರಲ್ಲಿ ಬಿಲ್ಡರ್ ಒಬ್ಬರಿಗೆ ಭಾರಿ ಮೊತ್ತಕ್ಕೆ ಕೊಡಲು ಒಪ್ಪಿ, ಆ ಹಣ ಬಂದೇ ಬರುತ್ತದೆಂದು ಸಾಲ ಮಾಡಿ ತಂಡ ಕಟ್ಟಿದರು. 2008, 2009ರಲ್ಲಿ ಸತತ ಚಾಂಪಿಯನ್ ಆದರು. ಗುಳ್ಳೆ ಒಡೆದು ವ್ಯವಹಾರ ಮುರಿದುಬಿತ್ತು. 2015ರಲ್ಲಿ ಡಬ್ಲಿನ್ ಸಿಟಿ ಕೌನ್ಸಿಲ್ ಅದೇ ಮೈದಾನವನ್ನು 38 ಲಕ್ಷ ಯೂರೋಗೆ ಕೊಂಡಿತು. ಮೈದಾನ ಕೌನ್ಸಿಲ್ ಕೈಯಲ್ಲಿರುವುದನ್ನು ಕ್ಲಬ್‌ನವರು ಅವಮಾನವೆಂದು ಎಣಿಸಬೇಕಿಲ್ಲ. ಒತ್ತೆ ಇಡಲು ಏನೂ ಇಲ್ಲದಿದ್ದರೆ ಹಾಳಾಗುವುದಕ್ಕೂ ಒಂದು ಮಿತಿ ಇರುತ್ತದೆ.

ಫುಟ್‌ಬಾಲ್ ಸಂಘವೇ ಇದನ್ನು ನೋಡಿಕೊಳ್ಳಬಹುದಿತ್ತಲ್ಲ? (ಹಾಸನ)

ಎಫ್‌ಎಐ ಎಂಬ ಆ ಸಂಘದ ಸಾಲದ ಹೊಣೆಯೇ 5.5 ಕೋಟಿ ಯೂರೋ ಎಂದು 2019ರ ಡಿಸೆಂಬರ್‌ನಲ್ಲಿ ಹೊರಬಂತು. 2020ರ ಜನವರಿಯಲ್ಲಿ ಸರ್ಕಾರವೇ ಕೈಹಿಡಿದು ಎತ್ತಬೇಕಾಯಿತು.

ನಾವು ಟ್ಯಾಲಾದಲ್ಲಿ ನೆಲೆಸಿರುವ ಕನ್ನಡಿಗರು. ಯಾವುದಾದರೂ ಕ್ಲಬ್ಬಿನ ಸದಸ್ಯತ್ವ ಪಡೆಯುವ ಮುಂಚೆ ಏನು ನೋಡಬೇಕು? ಕ್ಲಬ್ ಮುಚ್ಚಿದರೆ ಸೀಸನ್ ಟಿಕೆಟ್ ಹಣ ಮರಳುತ್ತದೆಯೇ? (ಡಬ್ಲಿನ್)

ಮೊದಲು ಒಡೆತನದ ಸ್ವರೂಪ. ಬೊಹೀಮಿಯನ್ಸ್ ಪೂರ್ತಿ ಸದಸ್ಯರದ್ದು, ಒಬ್ಬರಿಗೆ ಒಂದು ಮತ. ಶಾಮ್‌ರಾಕ್ ರೋವರ್ಸ್‌ನಲ್ಲಿ ಸದಸ್ಯರಿಗೆ ಅರ್ಧ, ಉಳಿದರ್ಧ ಇಬ್ಬರು ಹೂಡಿಕೆದಾರರಿಗೆ. ನಂತರ ಕಂಪನಿ ನೋಂದಣಿ ಕಚೇರಿಯ ಜಾಲತಾಣದಿಂದ ಕ್ಲಬ್ಬಿನ ಹಿಂದಿನ ಮೂರು ವರ್ಷದ ಲೆಕ್ಕಪತ್ರ ತರಿಸಿಕೊಳ್ಳಿ. ಕೆಲವೇ ಯೂರೋ ಖರ್ಚು. ಸಣ್ಣ ಕಂಪನಿಗಳು ಸಂಕ್ಷಿಪ್ತ ಲೆಕ್ಕ ಮಾತ್ರ ಸಲ್ಲಿಸುವುದರಿಂದ ಲಾಭ-ನಷ್ಟದ ವಿವರ ಇರಲಿಕ್ಕಿಲ್ಲ, ಆದರೂ ಬ್ಯಾಲೆನ್ಸ್ ಶೀಟ್ ಸಾಕಷ್ಟು ಹೇಳುತ್ತದೆ. ‘ವರ್ಷದೊಳಗೆ ತೀರಿಸಬೇಕಾದ ಸಾಲ’ ಬೆಳೆಯುತ್ತಿದೆಯೇ, ಅದರಲ್ಲಿ ನೌಕರರ ತೆರಿಗೆ ಬಾಕಿ ಎಷ್ಟು, ನಿರ್ದೇಶಕರೇ ಕೊಟ್ಟ ಸಾಲ ಎಷ್ಟು ನೋಡಿ. ಆಟಗಾರರ ಸಂಬಳದಿಂದ ಹಿಡಿದ ತೆರಿಗೆಯನ್ನು ಕಟ್ಟದೆ ದಿನ ತಳ್ಳುವುದು ಕಷ್ಟದಲ್ಲಿರುವ ಕ್ಲಬ್ ಮಾಡುವ ಮೊದಲ ಕೆಲಸ. ಕೊನೆಗೆ ಆಡಿಟರ್ ಟಿಪ್ಪಣಿ: ಕ್ಲಬ್ ಮುಂದುವರಿಯುವುದು ಮಾಲೀಕರ ಬೆಂಬಲದ ಮೇಲೆ ನಿಂತಿದೆ ಎಂಬ ವಾಕ್ಯ ಅಲ್ಲಿದ್ದರೆ ಎರಡು ಸಲ ಓದಿ. ಲೆಕ್ಕ ಸಲ್ಲಿಸುವುದೇ ತಡವಾಗಿದ್ದರೆ ಅದೂ ಒಂದು ಉತ್ತರವೇ.

ಸೀಸನ್ ನವೆಂಬರ್‌ನಲ್ಲಿ ಮುಗಿದು ಫೆಬ್ರವರಿಯಲ್ಲಿ ಶುರುವಾಗುತ್ತದೆ. ನಡುವಿನ ತಿಂಗಳುಗಳಲ್ಲಿ ಗೇಟ್ ಹಣವಿಲ್ಲ; ಸೀಸನ್ ಟಿಕೆಟ್ ಮಾರಿದ ಹಣ ಬಹುಪಾಲು ಆ ತಿಂಗಳ ಖರ್ಚಿಗೇ ಹೋಗಿರುತ್ತದೆ. ಕ್ಲಬ್ ಮುಚ್ಚಿದರೆ ನೀವು ಒತ್ತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ, ತೆರಿಗೆ ಇಲಾಖೆ ಮತ್ತು ನೌಕರರ ಹಿಂದೆ ನಿಲ್ಲಬೇಕು. ಹಾಗಾಗಿ ನಗದು ಕೊಡಬೇಡಿ, ಕಾರ್ಡ್‌ನಲ್ಲಿ ಕೊಡಿ. ಪಂದ್ಯಗಳು ನಡೆಯದೇ ಹೋದರೆ ಬ್ಯಾಂಕ್ ಮೂಲಕ ಚಾರ್ಜ್‌ಬ್ಯಾಕ್ (ಕಾರ್ಡ್‌ನಲ್ಲಿ ಕೊಟ್ಟ ಹಣದ ವಾಪಸಾತಿ) ಕೇಳಬಹುದು. ಅದಕ್ಕೆ ಗಡುವು ಇರುತ್ತದೆ, ಸುದ್ದಿ ಬಂದ ವಾರವೇ ಬ್ಯಾಂಕಿಗೆ ಬರೆಯಿರಿ.