ಸಂಪಾದಕರ ಉತ್ತರ: ಮೋನೆಯ ಬಣವಿ, ನಿಮ್ಮವ್ವನ ಕೌದಿ

ಗದಗ ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರು ಕಳೆದ ಸಂಚಿಕೆಯ ಮುಖಪುಟ ನೋಡಿ ಬೇಸರಪಟ್ಟು ಬರೆದಿದ್ದಾರೆ. ಅವರ ಪತ್ರದ ಮುಖ್ಯ ಭಾಗ ಇದು: “ಮುಖಪುಟ ಹಿಡಕೊಂಡು ಮನಿಮಂದಿಯೆಲ್ಲಾ ನೋಡಿದ್ವಿ. ಮೊಮ್ಮಗ ಅಡ್ಡ ಹಿಡಿದ, ನಾನು ಉದ್ದ ಹಿಡಿದೆ. ಯಾವ ಕಡೆ ಮೇಲೆ ಅನ್ನೋದೇ ತಿಳೀಲಿಲ್ಲ. ಗಿಡ ಇಲ್ಲ, ಮನಿ ಇಲ್ಲ, ಮನುಷ್ಯಾರಿಲ್ಲ. ಇಂಥದ್ದನ್ನ ನನ್ನ ಮೊಮ್ಮಗನೂ ಬಿಡಸ್ತಾನ. ಇದಕ್ಕಿಂತ ನಮ್ಮವ್ವ ಹೊಲಿದ ಕೌದಿ ನೋಡಾಕ ಎಷ್ಟೋ ಛಲೋ ಐತಿ. ಈ ಅಮೂರ್ತ ಕಲೆ ಅನ್ನೋದು ಎಲ್ಲಿಂದ ಬಂತು, ಅದನ್ನ ನೋಡಿ ಮಂದಿಗೆ ಏನು ಸುಖ, ತಿಳಿಸಿ ಹೇಳ್ರಿ.”

ಅಕ್ಕೋರೇ, ನಮಸ್ಕಾರ.

ನಿಮ್ಮ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಸಾಲದು ಅನಿಸಿತು. ಅದಕ್ಕೇ ಈ ಸಲ ಪತ್ರದ ಪುಟವನ್ನೆಲ್ಲ ನಿಮಗಾಗಿ ತೆಗೆದಿಟ್ಟಿದ್ದೇನೆ.

ನಿಮಗೆ ಬಂದ ಸಿಟ್ಟೇ 1896ರಲ್ಲಿ ಮಾಸ್ಕೋದಲ್ಲಿ ಒಬ್ಬರಿಗೆ ಬಂದಿತ್ತು. ಹೆಸರು ವಾಸಿಲಿ ಕ್ಯಾಂಡಿನ್‌ಸ್ಕಿ, ವಯಸ್ಸು ಮೂವತ್ತರ ಹತ್ತಿರ, ಓದಿದ್ದು ಕಾನೂನು. ಫ್ರೆಂಚ್ ಚಿತ್ರಗಳ ಪ್ರದರ್ಶನದಲ್ಲಿ ಕ್ಲೋದ್ ಮೋನೆಯ ಒಂದು ಚಿತ್ರದ ಮುಂದೆ ನಿಂತರು. ಏನೆಂದು ಗುರುತು ಹತ್ತಲಿಲ್ಲ. ಕೈಯಲ್ಲಿದ್ದ ಚಿತ್ರಗಳ ಪಟ್ಟಿ ನೋಡಿದಾಗ ಅದು ಬಣವಿ ಅಂತ ತಿಳಿಯಿತು. ಹೌದು ಅಕ್ಕೋರೇ, ನಿಮ್ಮ ಹಿತ್ತಲಲ್ಲೋ ಕಣದಲ್ಲೋ ನಿಂತಿರುವಂಥದೇ ಬಣವಿ. ತಾನು ಇರುವ ಊರಿನ ಹೊಲದ ಬಣವಿಗಳನ್ನು ಮೋನೆ 1890–91ರಲ್ಲಿ ಮುಂಜಾವು, ಮುಸ್ಸಂಜೆ, ಹಿಮ ಬಿದ್ದ ದಿನ ಎಂದು ಸುಮಾರು 25 ಸಲ ಬಿಡಿಸಿದ್ದ. ಅವನಿಗೆ ಬೇಕಾಗಿದ್ದದ್ದು ಹುಲ್ಲಲ್ಲ, ಹುಲ್ಲಿನ ಮೇಲೆ ಬಿದ್ದ ಬೆಳಕು. ಗುರುತು ಸಿಗದಂತೆ ಬಿಡಿಸುವ ಹಕ್ಕು ಚಿತ್ರಗಾರನಿಗೆ ಇಲ್ಲ ಅಂತ ಕ್ಯಾಂಡಿನ್‌ಸ್ಕಿಗೆ ಮೊದಲು ರೇಗಿತು. ಆದರೆ ಮನೆಗೆ ಹೋದ ಮೇಲೂ ಆ ಚಿತ್ರ ಕಣ್ಣಿಂದ ಹೋಗಲಿಲ್ಲ. ವಸ್ತು ಯಾವುದೆಂದು ತಿಳಿಯದಿದ್ದರೂ ಚಿತ್ರ ಹೇಗೆ ಮನಸ್ಸಿಗೆ ನಾಟಿತು ಎಂಬ ಪ್ರಶ್ನೆ ಹತ್ತಿಕೊಂಡಿತು. ಅದೇ ವರ್ಷ ಪ್ರಾಧ್ಯಾಪಕನ ಕೆಲಸ ತಾನಾಗಿ ಬಂದರೂ ಬಿಟ್ಟು, ಚಿತ್ರ ಕಲಿಯಲು ಜರ್ಮನಿಯ ಮ್ಯೂನಿಕ್‌ಗೆ ಹೋದರು.

ಮುಂದಿನ ಪ್ರಸಂಗ ನಿಮ್ಮ ಮೊಮ್ಮಗನಿಗೆ ಓದಿ ಹೇಳಿ. ಒಂದು ಸಂಜೆ ಕ್ಯಾಂಡಿನ್‌ಸ್ಕಿ ಹೊರಗಿನಿಂದ ತಮ್ಮ ಚಿತ್ರಶಾಲೆಗೆ ಬಂದರು. ಕತ್ತಲಾಗುವ ಹೊತ್ತು. ಗೋಡೆಗೆ ಒರಗಿಸಿಟ್ಟ ಒಂದು ಚಿತ್ರ ಒಳಗಿನಿಂದ ಬೆಳಕು ಹೊಮ್ಮಿದ ಹಾಗೆ ಕಂಡಿತು. ಬರೀ ಬಣ್ಣ, ಬರೀ ಆಕಾರ. ಅಂಥ ಚೆಲುವನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ಹತ್ತಿರ ಹೋದರೆ ಅದು ಅವರದೇ ಚಿತ್ರ, ಯಾರೋ ಅಡ್ಡ ಇಟ್ಟಿದ್ದರು! ಮರುದಿನ ಹಗಲಲ್ಲಿ ಬೇಕಂತಲೇ ಅಡ್ಡ ಇಟ್ಟು ನೋಡಿದರು, ಹಿಂದಿನ ಸಂಜೆಯ ಬೆರಗು ಬರಲಿಲ್ಲ. ಪ್ರತಿ ವಸ್ತುವಿನ ಗುರುತೂ ಕಣ್ಣಿಗೆ ಅಡ್ಡ ಬಂತು. ತನ್ನ ಚಿತ್ರಗಳಿಗೆ ವಸ್ತುವೇ ತೊಡಕು ಅಂತ ಅವರಿಗೆ ಮನವರಿಕೆಯಾದದ್ದು ಆವಾಗ. ನಿಮ್ಮ ಮೊಮ್ಮಗ ಮುಖಪುಟವನ್ನು ಅಡ್ಡ ಹಿಡಿದದ್ದರಲ್ಲಿ ತಪ್ಪೇನೂ ಇಲ್ಲ.

ವಸ್ತುವಿನ ಗುರುತು ಬಿಟ್ಟು ಬರೀ ಬಣ್ಣ, ಗೆರೆ, ಆಕಾರಗಳಿಂದಲೇ ಚಿತ್ರ ಮಾಡುವ ಈ ಅಮೂರ್ತ ಕಲೆ ಒಬ್ಬರ ತಲೆಯಿಂದ ಬಂದದ್ದಲ್ಲ. 1839ರಲ್ಲಿ ಕ್ಯಾಮೆರಾ ಬಳಕೆಗೆ ಬಂದ ಮೇಲೆ ಇದ್ದದ್ದನ್ನು ಇದ್ದಂತೆ ಹಿಡಿದಿಡುವ ಕೆಲಸ ಚಿತ್ರಗಾರನ ಹೆಗಲಿನಿಂದ ಮೆಲ್ಲಗೆ ಇಳಿಯತೊಡಗಿತು. ಇನ್ನೊಂದು ಕಾರಣ ನಮ್ಮ ದೇಶದ ಕಡೆಗೇ ಬರುತ್ತದೆ. ಮದ್ರಾಸಿನ ಅಡ್ಯಾರನ್ನು ಕೇಂದ್ರ ಮಾಡಿಕೊಂಡಿದ್ದ, ಎಲ್ಲ ಧರ್ಮಗಳ ಒಳತಿರುಳನ್ನು ಹುಡುಕುವ ಥಿಯೊಸಾಫಿಕಲ್ ಸೊಸೈಟಿ ಎಂಬ ಸಂಘದ ಅನಿ ಬೆಸೆಂಟ್ ಮತ್ತು ಲೆಡ್‌ಬೀಟರ್, ಮನಸ್ಸಿನ ಭಾವಗಳಿಗೂ ಸಂಗೀತಕ್ಕೂ ಬಣ್ಣ ಮತ್ತು ಆಕಾರ ಇರುತ್ತವೆ ಎಂದು ಚಿತ್ರ ಸಮೇತ ಪುಸ್ತಕ ಪ್ರಕಟಿಸಿದ್ದರು. ಕ್ಯಾಂಡಿನ್‌ಸ್ಕಿ ಥಿಯೊಸಾಫಿಯನ್ನು ಆಸ್ಥೆಯಿಂದ ಓದಿದವರು. ಹಾಲೆಂಡಿನ ಪೀಟ್ ಮೊಂಡ್ರಿಯನ್ ಅಂತೂ 1909ರಲ್ಲಿ ಆ ಸೊಸೈಟಿಯ ಸದಸ್ಯರೇ ಆದರು.

ಮೊದಲಿಗರು ಯಾರು ಎಂದರೆ ಬಹುಕಾಲ ಕ್ಯಾಂಡಿನ್‌ಸ್ಕಿಯ ಹೆಸರನ್ನೇ ಹೇಳುತ್ತಿದ್ದರು. ಅವರಿಗಿಂತ ಮುಂಚೆ ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಎಂಬ ಹೆಣ್ಣುಮಗಳು 1906ರಿಂದಲೇ ಸುರುಳಿ, ವೃತ್ತ, ಎಸಳುಗಳ ಅಮೂರ್ತ ಚಿತ್ರ ಬಿಡಿಸುತ್ತಿದ್ದಳು. 1907ರಲ್ಲಿ ಮಾಡಿದ ಹತ್ತು ದೊಡ್ಡ ಚಿತ್ರಗಳ ಎತ್ತರ ಮೂರು ಮೀಟರಿಗೂ ಹೆಚ್ಚು, ಬಾಗಿಲಿನ ಚೌಕಟ್ಟು ದಾಟಿ ನಿಲ್ಲುವಷ್ಟು. ಕಾಲ ಇನ್ನೂ ಪಕ್ವವಾಗಿಲ್ಲ, ತಾನು ಸತ್ತು ಇಪ್ಪತ್ತು ವರ್ಷ ಆಗುವವರೆಗೆ ಇವನ್ನು ಯಾರಿಗೂ ತೋರಿಸಬೇಡಿ ಎಂಬುದು ಅವಳ ಇಚ್ಛೆ. ಅವಳು 1944ರಲ್ಲಿ ತೀರಿಕೊಂಡಳು. ಆ ಚಿತ್ರಗಳು ಹೊರಗಿನ ಹೆಚ್ಚು ಜನರ ಕಣ್ಣಿಗೆ ಬಿದ್ದದ್ದು 1986ರಲ್ಲಿ. 2018ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂನಲ್ಲಿ ಅವಳ ಪ್ರದರ್ಶನ ಶುರುವಾದಾಗ ಆರು ಲಕ್ಷಕ್ಕೂ ಹೆಚ್ಚು ಜನ ಹೋಗಿ ನೋಡಿದರು. ಮೆಚ್ಚುವ ನೋಡುಗರು ಹೆಚ್ಚಿಲ್ಲದೆ ಅಷ್ಟು ವರ್ಷ ಅದೇ ಕೆಲಸದಲ್ಲಿ ತೊಡಗಿದವಳನ್ನು ನೆನೆದರೆ ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ.

ಈಗ ಕೌದಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ ಸಾಲು ಅದು. ಅವ್ವನ ಕೌದಿ ನೋಡಲು ಛಲೋ ಇದೆ ಎಂದಿರಿ. ಆದರೆ ಆ ಕೌದಿ ಯಾವುದರ ಚಿತ್ರ ಅಂತ ನೀವು ಕೇಳಲಿಲ್ಲ. ಅದರಲ್ಲೂ ಗಿಡ ಇಲ್ಲ, ಮನೆ ಇಲ್ಲ, ಮನುಷ್ಯರಿಲ್ಲ. ಆದರೂ ನಿಮ್ಮ ಕಣ್ಣಿಗೆ ಅದು ಚೆಂದ ಅನಿಸಿತು.

ನಮ್ಮ ದೊಡ್ಡವ್ವ ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಹಳೆ ಸೀರೆ, ಧೋತರ, ಕುಬುಸದ ತುಂಡುಗಳನ್ನು ಹರವಿಕೊಂಡು ಕೂಡುತ್ತಿದ್ದಳು. ಚಂದ್ರಕಾಳಿ ಸೀರೆಯ ಕರಿ ತುಂಡಿನ ಪಕ್ಕ ಹಸಿರು ಇಟ್ಟು, ಸ್ವಲ್ಪ ಹಿಂದೆ ಸರಿದು ನೋಡುವಳು. “ಒಪ್ಪಾಕತ್ತಿಲ್ಲ” ಎಂದು ಅದನ್ನು ತೆಗೆದು ಕೆಂಪು ಖಣದ ತುಂಡು ಇಡುವಳು. ಖಣದ ತುಂಡು ದೊಡ್ಡದಾಯಿತು ಅನಿಸಿದರೆ ಮಡಚಿ ಸಣ್ಣದು ಮಾಡುವಳು. ಒಂದು ಸಲ ಎಲ್ಲ ತುಂಡೂ ಕೂಡಿಬಂದ ಮೇಲೆ, ಅಂಚಿನ ಹತ್ತಿರ ಬೆರಳಗಲದ ಹಳದಿ ಚೂರೊಂದನ್ನು ಇಟ್ಟು ಹೊಲಿದಳು. ಅಲ್ಲಿ ಹರಿದಿರಲಿಲ್ಲ, ತೇಪೆ ಬೇಕಾಗಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ “ಅಲ್ಲಿ ಬೇಕಾಗಿತ್ತು” ಎಂದಳು. ಅವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾದ ಅಗತ್ಯ ಕಂಡಿರಲಿಲ್ಲ.

ಅಮೂರ್ತ ಕಲೆ ಮೊದಲಿನಿಂದಲೂ ನಮ್ಮಲ್ಲೇ ಇತ್ತು ಅಂತ ನಾನು ವಾದಿಸುತ್ತಿಲ್ಲ. ಆ ಮಾತು ಕೇಳಲು ಹಿತ, ಆದರೆ ಸರಿಯಲ್ಲ. ಕೌದಿ ಹೊದ್ದುಕೊಳ್ಳಲಿಕ್ಕೆ, ಕೂಸನ್ನು ಮಲಗಿಸಲಿಕ್ಕೆ ಆದದ್ದು. ಯುರೋಪಿನ ಚಿತ್ರಗಾರರು ಶತಮಾನಗಳ ಕಾಲ ರೂಢಿಯಲ್ಲಿದ್ದ ಚಿತ್ರವಿದ್ಯೆಯನ್ನು ಬಿಟ್ಟುಕೊಡಬೇಕಾಯಿತು, ಬೈಗುಳ ತಿನ್ನಬೇಕಾಯಿತು. ಎರಡೂ ಒಂದಲ್ಲ. ಆದರೆ ‘ಒಪ್ಪುತ್ತದೆ, ಒಪ್ಪುವುದಿಲ್ಲ’ ಎಂದು ತೂಗುವ ಕಣ್ಣು ಮಾತ್ರ ಒಂದೇ. ಆ ಕಣ್ಣು ನಿಮಗಿದೆ. ಮುಖಪುಟದ ಮುಂದೆ ಅದನ್ನು ಬಳಸುವ ಬದಲು ನೀವು ಗಿಡ, ಮನೆ ಹುಡುಕಿದಿರಿ.

ನಿಮ್ಮ ಕಿವಿಯೂ ಹಾಗೆಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕೇಳದೆ ಬೆಳೆದವರು ನಿಮ್ಮ ಕಡೆ ಕಡಿಮೆ. ಗಾಯಕರು ಆಲಾಪಕ್ಕೆ ಕೂತಾಗ ಅದರಲ್ಲಿ ಕತೆಯೂ ಇಲ್ಲ, ಸಾಹಿತ್ಯವೂ ಇಲ್ಲ. ಬರೀ ಸ್ವರ ಏರಿ ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಇದರ ಅರ್ಥವೇನು ಅಂತ ಯಾರೂ ಎದ್ದು ಕೇಳುವುದಿಲ್ಲ. ಕ್ಯಾಂಡಿನ್‌ಸ್ಕಿ ಹಿಡಿದದ್ದೂ ಸಂಗೀತದ ದಾರಿಯನ್ನೇ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಶೋನ್‌ಬರ್ಗ್ ಎಂಬ ಸಂಗೀತಗಾರನ ಕಛೇರಿ ಕೇಳಿ ಬಂದು ಒಂದು ಚಿತ್ರ ಮಾಡಿದರು. ಮೇಲ್ಭಾಗದಲ್ಲಿ ಪಿಯಾನೋದ ಕರಿ ಮುಚ್ಚಳ ಒಂದು ದೊಡ್ಡ ಗುಡ್ಡೆಯಂತೆ ಉಳಿದಿದೆ. ಅದರ ಬದಿಗೆ ಹಳದಿ ಬಣ್ಣ ಕೆರೆಯ ಕೋಡಿ ಒಡೆದಂತೆ ಹರಿದಿದೆ. ಕೇಳುವ ಜನ ಬರೀ ಬಾಗಿದ ಗೆರೆಗಳಾಗಿದ್ದಾರೆ. ವಸ್ತು ಕರಗುತ್ತಿರುವ ಹೊತ್ತನ್ನೇ ನೋಡಬೇಕೆಂದರೆ ಆ ಚಿತ್ರ ನೋಡಬೇಕು.

ಕಜಿಮಿರ್ ಮಾಲೆವಿಚ್ ಎಂಬವರು ಇನ್ನೂ ಮುಂದೆ ಹೋದರು. 1915ರಲ್ಲಿ ರಷ್ಯಾದ ಪೆಟ್ರೊಗ್ರಾಡ್‌ನಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಒಂದು ಕಪ್ಪು ಚೌಕವನ್ನು ಪ್ರದರ್ಶನಕ್ಕೆ ಇಟ್ಟರು. ಬಿಳಿ ಹಿನ್ನೆಲೆ, ನಡುವೆ ಕಪ್ಪು, ಅಷ್ಟೇ. ತೂಗುಹಾಕಿದ್ದು ಕೋಣೆಯ ಮೂಲೆಯಲ್ಲಿ, ಮೇಲೆ. ರಷ್ಯಾದ ಮನೆಗಳಲ್ಲಿ ಅದು ದೇವರ ಪಟ ಇಡುವ ಜಾಗ, ನಮ್ಮ ದೇವರ ಜಗಲಿ ಇದ್ದಂತೆ. ಅಲ್ಲಿ ಇಟ್ಟದ್ದಕ್ಕೇ ಜನ ಕೆರಳಿದರು. ಕರಸ್ಥಲದ ಇಷ್ಟಲಿಂಗದಲ್ಲಿ ಕಣ್ಣು ಮೂಗು ಹುಡುಕದ ನಾಡಿನ ನಮಗೆ ಮಾಲೆವಿಚ್ ಅವರ ಮನಸ್ಸು ಅಷ್ಟು ದೂರದ್ದಲ್ಲ ಅಂತ ನನ್ನ ನಂಬಿಕೆ. ಆ ಕಪ್ಪು ಈಗ ಏಪ್ರಿಲ್ ತಿಂಗಳ ಎರೆಹೊಲದಂತೆ ಬಿರಿದಿದೆ, ಬಿರುಕಿನೊಳಗೆ ಕೆಳಗಿನ ಬೇರೆ ಬಣ್ಣಗಳು ಇಣುಕುತ್ತವೆ.

“ಮೊಮ್ಮಗನೂ ಬಿಡಸ್ತಾನ” ಎಂದಿರಿ. ಮಕ್ಕಳ ಗೆರೆಯ ಧೈರ್ಯ ದೊಡ್ಡವರಿಗೆ ಸುಲಭಕ್ಕೆ ಬರುವುದಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೂ ಮೊಂಡ್ರಿಯನ್ನರ ಮೂರು ಗಿಡಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 1908ರಲ್ಲಿ ಶುರುಮಾಡಿದ ಕೆಂಪು ಗಿಡದಲ್ಲಿ ಬೊಡ್ಡೆ, ಟೊಂಗೆ ಎಲ್ಲವೂ ಕಾಣುತ್ತವೆ. 1911ರ ಬೂದು ಗಿಡದಲ್ಲಿ ಟೊಂಗೆಗಳು ಬಿಲ್ಲಿನಂಥ ಗೆರೆಗಳಾಗಿವೆ, ಟೊಂಗೆಗಳ ನಡುವಿನ ಬಯಲಿಗೂ ಅಷ್ಟೇ ತೂಕ ಬಂದಿದೆ. 1912ರ ಹೂಬಿಟ್ಟ ಸೇಬಿನ ಗಿಡದಲ್ಲಿ ಹೂವೂ ಇಲ್ಲ, ಸೇಬೂ ಇಲ್ಲ, ಬಾಗಿದ ಗೆರೆಗಳ ಹೆಣಿಗೆ ಮಾತ್ರ. ಏನು ಬಿಡಬೇಕು ಎಂಬುದನ್ನು ಅವರು ಒಂದೊಂದಾಗಿ, ವರ್ಷಗಟ್ಟಲೆ ಕಲಿತರು. ಹಾಗೆ ಕಲಿಯದೆ ಬಣ್ಣ ಚೆಲ್ಲಿ ಅಮೂರ್ತ ಎನ್ನುವವರೂ ಇದ್ದಾರೆ. ಅಂಥ ಚಿತ್ರದ ಮುಂದೆ ಎರಡನೇ ಸಲ ನಿಲ್ಲಬೇಕು ಅನಿಸುವುದೇ ಇಲ್ಲ. ಅದನ್ನು ಮೆಚ್ಚಬೇಕೆಂದು ನಿಮಗೆ ಯಾರೂ ಒತ್ತಾಯ ಮಾಡಲಾರರು.

ನೀವು ಶಿಕ್ಷಕಿ, ಆದ್ದರಿಂದ ಇನ್ನೊಂದು. ನಮ್ಮ ದೇಶದ ಚಿತ್ರಗಾರ ಎಸ್. ಎಚ್. ರಝಾ ಅವರ ಬಿಂದುವಿನ ಚಿತ್ರಗಳನ್ನು ಎಲ್ಲಾದರೂ ಕಂಡಿರಬಹುದು. ಮಧ್ಯಪ್ರದೇಶದ ಹಳ್ಳಿ ಶಾಲೆಯಲ್ಲಿ ಹುಡುಗ ರಝಾನ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ಮಾಸ್ತರರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಅದನ್ನೇ ನೋಡುತ್ತ ಕೂಡು ಎಂದರು. ಫ್ರಾನ್ಸಿನಲ್ಲಿ ದಶಕಗಳನ್ನು ಕಳೆದ ಮೇಲೆ ಅವರ ಚಿತ್ರದ ನಡುವೆ ಬಂದು ಕೂತದ್ದು ಅದೇ ಚುಕ್ಕಿ.

ನಮ್ಮ ಮುಖಪುಟದ ಚಿತ್ರ ಧಾರವಾಡದ ಒಬ್ಬ ಯುವ ಕಲಾವಿದೆಯದು. ಅದರ ಬಗ್ಗೆ ಒಳಪುಟದಲ್ಲಿ ಒಂದು ಸಾಲನ್ನೂ ಹಾಕದೆ ಇದ್ದದ್ದು ನಮ್ಮ ತಪ್ಪು, ಮುಂದಿನ ಸಂಚಿಕೆಯಿಂದ ಅದು ಇರುತ್ತದೆ. ಕರಿ ಭಾಗ ಕೆಳಗೆ, ಕಾವಿ ಪಟ್ಟಿ ಅದರ ಮೇಲೆ, ಹಳದಿ ಚುಕ್ಕಿ ಎಡಗಡೆಯ ಮೇಲಿನ ಮೂಲೆಗೆ ಬರುವಂತೆ ಹಿಡಿಯಬೇಕು. ಹಿಡಿದು ಒಂದು ತೋಳಿನಷ್ಟು ದೂರ ಇಟ್ಟು, ಆ ಹಳದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ, ಆಮೇಲೆ ಬೆರಳು ತೆಗೆದು ನೋಡಿ. ಏನು ವ್ಯತ್ಯಾಸ ಆಯಿತು ಅಂತ ಬರೆದು ತಿಳಿಸಿ. ಜೊತೆಗೆ ನಿಮ್ಮವ್ವನ ಕೌದಿಯನ್ನು ಬೆಳಗಿನ ಎಳೆಬಿಸಿಲಲ್ಲಿ ಕಟ್ಟೆಯ ಮೇಲೆ ಹರವಿ ಮೊಮ್ಮಗನಿಂದ ಒಂದು ಫೋಟೋ ತೆಗೆಸಿ ಕಳಿಸಿಕೊಡಿ. ಚೆನ್ನಾಗಿ ಬಂದರೆ ಅದನ್ನೇ ಮುಖಪುಟಕ್ಕೆ ಹಾಕುತ್ತೇನೆ. ಯಾವ ಕಡೆ ಮೇಲೆ ಬರಬೇಕು ಅಂತ ಫೋಟೋದ ಹಿಂದೆ ನೀವೇ ಬರೆದು ಕಳಿಸಿ.

— ಸಂಪಾದಕ