ಯಜ್ದ್‌ಗೆ ಹೋದ ಪ್ರಶ್ನೆಗಳು: ಸಂಪಾದಕರ ಉತ್ತರ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: 'ಪಾರ್ಸಿಗಳ ಬಗೆಗಿನ ನಿಮ್ಮ ಲೇಖನದಲ್ಲಿ ಹಾಲು-ಸಕ್ಕರೆ ಕಥೆಯೇ ಇಲ್ಲವಲ್ಲ, ಯಾಕೆ? ಗುಜರಾತಿಗೆ ಬಂದ ಮೇಲೆ ಅವರಿಗೆ ಇರಾನಿನ ನಂಟು ಕಡಿದೇ ಹೋಯಿತೇ? ನಮ್ಮ ದಿವಾನ್ ಮಿರ್ಜಾ ಇಸ್ಮಾಯಿಲ್ ಕೂಡ ಪಾರ್ಸಿಯೇ?'

ಜಾಗವಿಲ್ಲವೆಂದು ಗುಜರಾತಿನ ರಾಜ ಕಳಿಸಿದ ತುಂಬಿದ ಹಾಲಿನ ಬಟ್ಟಲಿಗೆ ಪಾರ್ಸಿಗಳು ಸಕ್ಕರೆ ಬೆರೆಸಿ, 'ಹೀಗೇ ಬೆರೆತು ಇರುತ್ತೇವೆ' ಎಂದ ಕಥೆ ನಮಗೂ ಇಷ್ಟವೇ. ಆದರೆ ಜರತುಷ್ಟ್ರ ಧರ್ಮದ ಈ ಜನ ಇರಾನಿನಿಂದ ವಲಸೆ ಬಂದ ಬಗ್ಗೆ ಅವರದೇ ಹಳೆಯ ಬರಹವಾದ 'ಕಿಸ್ಸಾ-ಎ-ಸಂಜಾನ್'ನಲ್ಲಿ ಅದು ಇಲ್ಲ. ನವಸಾರಿಯ ಪುರೋಹಿತ ಬಹ್ಮನ್ ಕೈಕೋಬಾದ್ ಅದನ್ನು 1600ರ ಹೊತ್ತಿಗೆ ಪರ್ಷಿಯನ್ ಪದ್ಯದಲ್ಲಿ ಬರೆದರು. ಅಲ್ಲಿ ರಾಜ ಹಾಕುವುದು ಷರತ್ತು: ಇಲ್ಲಿನ ಮಾತು ಕಲಿಯಿರಿ, ಹೆಂಗಸರು ಇಲ್ಲಿನ ಉಡುಗೆ ಉಡಲಿ, ಆಯುಧ ಕೆಳಗಿಡಿ, ಮದುವೆ ಸಂಜೆ ಮಾಡಿ. ಇದೂ ಘಟನೆ ನಡೆದು ಎಷ್ಟೋ ಶತಮಾನದ ಮೇಲೆ ಬರೆದದ್ದೇ. ಆದರೂ ನನಗೆ ಇದೇ ಜಾಸ್ತಿ ನಂಬುವಂತಿದೆ. ಜಾಗ ಕೊಡುವವರು ಕರಾರಿಲ್ಲದೆ ಕೊಡುತ್ತಾರಾ?

ನಂಟು ಕಡಿಯಲಿಲ್ಲ. ಪತ್ರಗಳಲ್ಲಿ ಉಳಿದಿತ್ತು! ನವಸಾರಿಯ ಮುಖಂಡ ಚಾಂಗಾ ಆಸಾ ಅವರ ಒತ್ತಾಸೆಯಿಂದ ಭರೂಚ್‌ನ ನರಿಮಾನ್ ಹೋಶಂಗ್ ಇರಾನಿನ ಯಜ್ದ್‌ಗೆ ಹೋದರು. ಅವರಿಗೆ ಅಲ್ಲಿನ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಖರ್ಜೂರ ಮಾರಿಕೊಂಡು ಒಂದು ವರ್ಷ ಅಲ್ಲೇ ಇದ್ದು ಕಲಿತರು, ಆಮೇಲೆ ಅಲ್ಲಿನ ಜರತುಷ್ಟ್ರ ಪುರೋಹಿತರಿಗೆ ಧರ್ಮದ ಪ್ರಶ್ನೆ ಕೇಳಿದರು. 1478ರಲ್ಲಿ ಉತ್ತರ ಸಿಕ್ಕಿತು. ಮುಂದೆ ಸುಮಾರು 300 ವರ್ಷ ಹೀಗೇ ಪ್ರಶ್ನೆ ಹೋಗುತ್ತಿತ್ತು, ಉತ್ತರ ಬರುತ್ತಿತ್ತು. ಈ ಉತ್ತರಗಳೇ ರಿವಾಯತ್‌ಗಳು. ಮೈಲಿಗೆ ಕಳೆಯುವುದು ಹೇಗೆ, ಶವ ಇಡುವ ದಖ್ಮಾ ಕಟ್ಟುವುದು ಹೇಗೆ, ಮನೆಯ ಗುಲಾಮರನ್ನು ಧರ್ಮಕ್ಕೆ ಸೇರಿಸಬಹುದೇ, ಇಂಥವೆಲ್ಲ ಅದರಲ್ಲಿವೆ.

ಜಗಳ ತಂದದ್ದು ಪಂಚಾಂಗ. ಗುಜರಾತಿನವರದು ಇರಾನಿನದಕ್ಕಿಂತ ಸರಿಯಾಗಿ ಒಂದು ತಿಂಗಳು ಹಿಂದೆ. ಹಿಂದೆಂದೋ ಇಲ್ಲಿ ಒಂದು ಅಧಿಕ ಮಾಸ ಸೇರಿಸಿದ್ದರಿಂದ ಹೀಗಾಯಿತೆಂದು ಹೇಳುವುದುಂಟು. 1745ರಲ್ಲಿ ಸೂರತ್‌ನ ಕೆಲವರು ಇರಾನಿನ ಲೆಕ್ಕವನ್ನೇ ಹಿಡಿದು 'ಕದ್ಮಿ'ಗಳಾದರು. ಉಳಿದವರು 'ಶಹನ್‌ಶಾಹಿ'ಗಳು. 1768ರಲ್ಲಿ ಕದ್ಮಿ ಪುರೋಹಿತ ಮುಲ್ಲಾ ಕಾವಸ್ 78 ಪ್ರಶ್ನೆ ಹೊತ್ತು, ಚಿಕ್ಕ ಮಗನನ್ನೂ ಕರೆದುಕೊಂಡು ಇರಾನಿಗೆ ಹೊರಟರು. 1773ರ ಆ ಉತ್ತರವೇ ಕೊನೆಯ ರಿವಾಯತ್. ಜಗಳ ಮಾತ್ರ ಮುಗಿಯಲಿಲ್ಲ. ಎರಡು ಪಂಗಡಕ್ಕೆ ಹೊಸ ವರ್ಷ ಬೇರೆ ಬೇರೆ ದಿನ ಬರುವುದು ಇವತ್ತಿಗೂ ಇದೆ.

ಆಮೇಲೆ ಕಾಲ ತಿರುಗಿತು. ಮುಂಬಯಿಯ ಪಾರ್ಸಿಗಳು ಹಣವಂತರಾದರು, ಇರಾನಿನ ಯಜ್ದ್, ಕೆರ್ಮಾನ್‌ಗಳಲ್ಲಿ ಉಳಿದ ಅವರ ಧರ್ಮದವರು ಮುಸ್ಲಿಮೇತರರ ಮೇಲಿನ ಜಿಝಿಯಾ ತೆರಿಗೆಯಲ್ಲಿ ಬೇಯುತ್ತಿದ್ದರು. 1854ರಲ್ಲಿ ಮುಂಬಯಿಯವರು ಮಾಣೆಕ್‌ಜಿ ಲಿಮ್‌ಜಿ ಹಟಾರಿಯಾ ಅವರನ್ನು ಅಲ್ಲಿಗೆ ಕಳಿಸಿದರು. ಶಾಲೆ ತೆರೆಯುತ್ತಾ, ಆಸ್ಥಾನಕ್ಕೆ ಅಲೆಯುತ್ತಾ, ಅರ್ಜಿ ಮೇಲೆ ಅರ್ಜಿ ಹಾಕುತ್ತಾ ಅವರು ಹಿಡಿದ ಪಟ್ಟು ಬಿಡಲಿಲ್ಲ. 1882ರಲ್ಲಿ ದೊರೆ ನಾಸಿರುದ್ದೀನ್ ಶಾ ಜಿಝಿಯಾ ತೆಗೆದರು. ಆ ಊರುಗಳಿಂದ ಆಮೇಲೆ ಮುಂಬಯಿಗೆ ಬಂದು ಚಹಾ ಅಂಗಡಿ ಇಟ್ಟವರೇ 'ಇರಾನಿ'ಗಳು. ಧರ್ಮ ಒಂದೇ, ಬಂದ ಕಾಲ ಬೇರೆ.

ಮಿರ್ಜಾ ಇಸ್ಮಾಯಿಲ್ ಪಾರ್ಸಿ ಅಲ್ಲ. ಅಜ್ಜ ಅಲಿ ಅಸ್ಕರ್ ಶಿರಾಜ್‌ನಿಂದ ಬಂದು ಬೆಂಗಳೂರಿನಲ್ಲಿ ಕುದುರೆ ವ್ಯಾಪಾರ ಮಾಡಿದವರು, ಶಿಯಾ ಮುಸ್ಲಿಮರು. ಅಲಿ ಅಸ್ಕರ್ ರಸ್ತೆ ಇರುವುದು ಅವರ ಹೆಸರಲ್ಲೇ. ಪಾರ್ಸಿಗಳ ಅಗ್ನಿಮಂದಿರ ಬೇಕೆಂದರೆ ಕ್ವೀನ್ಸ್ ರಸ್ತೆಯಲ್ಲಿದೆ. ಬೇರೆ ಧರ್ಮದವರಿಗೆ ಒಳಗೆ ಪ್ರವೇಶವಿಲ್ಲ, ಹೊರಗಿನಿಂದಲೇ ನೋಡಬೇಕು.